ಅಡಿಕೆ ತೋಟಕ್ಕೆ ಹವಾಮಾನ ಆಧಾರಿತ ಬೆಳೆ ವಿಮೆ: ಆರು ಮಳೆಗಾಲಗಳ ಅನುಭವ

ಉಡುಪಿಯಿಂದ ಹೆಬ್ರಿಗೆ ಹೋಗುವ ದಾರಿಯ ಬದಿಯ ಹಳ್ಳಿಯೊಂದರಲ್ಲಿ ನಮಗೆ ಎರಡು ಎಕರೆ ಅಡಿಕೆ ತೋಟವಿದೆ. ಆರು ಮಳೆಗಾಲಗಳಿಂದ ಅದಕ್ಕೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸುತ್ತ ಬಂದಿದ್ದೇನೆ. ಕಂತು ಕಟ್ಟಿದರೆ ಪ್ರಯೋಜನವುಂಟೇ ಎಂದು ನೋಂದಣಿಯ ಸಮಯದಲ್ಲಿ ಊರಿನ ಹಲವರು ಕೇಳುತ್ತಾರೆ. ಪ್ರಯೋಜನವುಂಟು ಎಂಬುದೇ ನನ್ನ ಉತ್ತರ. ಆದರೆ ಈ ವಿಮೆ ಯಾರನ್ನು ಕಾಯುತ್ತದೆ, ಯಾರನ್ನು ಹೊರಗೆ ಬಿಡುತ್ತದೆ ಎಂಬುದನ್ನು ಹೇಳದೆ ಆ ಉತ್ತರ ಪೂರ್ತಿಯಾಗುವುದಿಲ್ಲ.

2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಜೊತೆಗೆ ಈಗಿನ ರೂಪದಲ್ಲಿ ಜಾರಿಗೆ ಬಂದ ಯೋಜನೆ ಇದು. ತೋಟಗಾರಿಕೆ ಬೆಳೆಗಳಿಗೆ ರೈತರು ಕಟ್ಟಬೇಕಾದದ್ದು ವಿಮಾ ಮೊತ್ತದ ಶೇ. 5 ಮಾತ್ರ, ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿಯ ವಿಮಾ ಮೊತ್ತದಂತೆ ನಾನು 6,400 ರೂಪಾಯಿ ದರದಲ್ಲಿ, ಅಂದರೆ ಎರಡು ಎಕರೆಗೆ ಸುಮಾರು 5,180 ರೂಪಾಯಿ ಕಟ್ಟಿದ್ದೇನೆ. ಈಗಿನ ಧಾರಣೆಯಲ್ಲಿ ಒಂದು ಎಕರೆಯ ಒಳ್ಳೆಯ ಫಸಲಿನ ಬೆಲೆಯ ಮುಂದೆ ಈ ವಿಮಾ ಮೊತ್ತ ಬಹಳ ಕಡಿಮೆ ಎಂಬುದು ನಿಜ. ಆದರೂ ಬಿಡದ ಮಳೆಗೆ ಗೊನೆಗಳು ಕೊಳೆತು ಉದುರುವ ಕೊಳೆರೋಗ ಬಂದ ವರ್ಷ ಸೊಸೈಟಿ ಸಾಲದ ಬಡ್ಡಿ ಕಟ್ಟಲು ಮನೆಯ ಬಂಗಾರ ಅಡವಿಡದೆ ದಾಟುವುದಕ್ಕೆ ಇಷ್ಟು ಸಾಕಾಗುತ್ತದೆ.

ಈ ವಿಮೆಯ ವಿಶೇಷವೆಂದರೆ ನಷ್ಟವನ್ನು ನೋಡಲು ಯಾರೂ ತೋಟಕ್ಕೆ ಬರುವುದಿಲ್ಲ. ಫಸಲ್ ಬಿಮಾದಲ್ಲಿ ಭತ್ತಕ್ಕಾದರೆ ಗದ್ದೆಯಲ್ಲಿ ಬೆಳೆ ಕಟಾವು ಪ್ರಯೋಗ ನಡೆಸಿ ಇಳುವರಿ ಲೆಕ್ಕ ಹಾಕುತ್ತಾರೆ. ಇಲ್ಲಿ ಅಳೆಯುವುದು ಹವಾಮಾನವನ್ನು. ಗ್ರಾಮ ಪಂಚಾಯತಿಯ ಮಳೆಮಾಪಕ ಮತ್ತು ಹೋಬಳಿ ಮಟ್ಟದ ಹವಾಮಾನ ಕೇಂದ್ರ ಕಳುಹಿಸುವ ಅಂಕಿಗಳು ಅಧಿಸೂಚನೆಯಲ್ಲಿ ನಿಗದಿಪಡಿಸಿದ ಮಿತಿಯನ್ನು ದಾಟಿದರೆ ಪರಿಹಾರ ತಾನಾಗಿಯೇ ಲೆಕ್ಕಕ್ಕೆ ಬಂದು, ಆಧಾರ್ ಜೋಡಣೆಯಾದ ಖಾತೆಗೆ ಜಮೆಯಾಗುತ್ತದೆ. ಅರ್ಜಿ ಹಿಡಿದು ಕಚೇರಿಗೆ ಅಲೆಯುವ ಪ್ರಮೇಯವಿಲ್ಲ, ನಷ್ಟದ ಪ್ರಮಾಣ ಬರೆಯುವವರ ದಾಕ್ಷಿಣ್ಯಕ್ಕೆ ಬೀಳಬೇಕಾಗಿಲ್ಲ. ಸಣ್ಣ ಹಿಡುವಳಿದಾರರ ಮಟ್ಟಿಗೆ ಇದು ದೊಡ್ಡ ಅನುಕೂಲವೆಂದೇ ನಾನು ಭಾವಿಸುತ್ತೇನೆ.

ಅಡಿಕೆಗೆ ಮಳೆಯ ಲೆಕ್ಕವೇ ಯಾಕೆ ಮುಖ್ಯ ಎಂಬುದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲವಾದರೂ, ಈಚಿನ ವರ್ಷಗಳಲ್ಲಿ ಆ ಲೆಕ್ಕ ಹೇಗೆ ತಪ್ಪುತ್ತಿದೆ ಎಂಬುದನ್ನು ಹೇಳಬೇಕು. ಮುಂಗಾರು ಹಿಡಿಯುವ ಮೊದಲೊಮ್ಮೆ, ಸುಮಾರು 40–45 ದಿನಗಳ ಬಳಿಕ ಇನ್ನೊಮ್ಮೆ ಕೊಳೆರೋಗ ತಡೆಯಲು ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ನಮ್ಮ ರೂಢಿ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಸಿಂಪಡಿಸಿದ ಮದ್ದು ಗೊನೆಯ ಮೇಲೆ ಒಣಗಿ ಹಿಡಿಯಲು ಮಳೆ ಕೆಲವು ಗಂಟೆಯಾದರೂ ಬಿಡುವು ಕೊಡಬೇಕು. 2025ರಲ್ಲಿ ಮುಂಗಾರು ಮೇ 24ರಂದೇ, ವಾಡಿಕೆಗಿಂತ ಎಂಟು ದಿನ ಮೊದಲು ಕೇರಳವನ್ನು ತಲುಪಿತು. ಅದರ ಬೆನ್ನಿಗೇ ನಮ್ಮಲ್ಲೂ ಮಳೆ ಹಿಡಿಯಿತು. ಮೇ ಕೊನೆಯ ವಾರಕ್ಕೆ ಮದ್ದು ಬಿಡಲು ಹೇಳಿಟ್ಟಿದ್ದ ನನ್ನಂಥವರ ತಯಾರಿ ಹಾಗೆಯೇ ಉಳಿಯಿತು. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ಅರಬ್ಬಿ ಸಮುದ್ರವೂ ಬಿಸಿಯಾಗುತ್ತಿದೆ. ಆದ್ದರಿಂದ ಮಳೆ ಸುರಿಯುವಾಗ ಒಮ್ಮೆಲೇ ಸುರಿಯುವ ಸಂಭವ ಹೆಚ್ಚುತ್ತಿದೆ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೆರೆ ಬಂದಾಗ ಮನೆಯ ಒಳಗೆ ನೀರು ನಿಂತದ್ದನ್ನು ಕಂಡವರಿಗೆ ಈ ಮಾತು ಪುಸ್ತಕದ ಮಾತಾಗಿ ಕೇಳಿಸಲಾರದು.

ಇನ್ನು ಕೊರತೆಗಳು. ಮೊದಲನೆಯದು ಮಳೆಮಾಪಕದ್ದೇ. ಇಡೀ ವಿಮೆ ಒಂದು ಉಪಕರಣದ ಪ್ರಾಮಾಣಿಕತೆಯ ಮೇಲೆ ನಿಂತಿರುವಾಗ, ಅದು ಕೆಟ್ಟರೆ ವಿಮೆಯೇ ಕೆಟ್ಟಂತೆ. ನಮ್ಮ ತಂದೆಯವರ ಕಾಲದಿಂದ ಮನೆಯಂಗಳದಲ್ಲಿ ಮಳೆ ಅಳೆದು ಬೆಳಿಗ್ಗೆ ಎಂಟೂವರೆಗೆ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ನಮ್ಮ ಮನೆಯಲ್ಲಿದೆ. ಒಂದು ವರ್ಷ ಜುಲೈ ತಿಂಗಳಲ್ಲಿ ನನ್ನ ಪುಸ್ತಕದಲ್ಲಿ ಬಿಡುವಿಲ್ಲದೆ ಮಳೆ ದಾಖಲಾಗಿದ್ದ ಹಲವು ದಿನಗಳಿಗೆ ಅಧಿಕೃತ ಲೆಕ್ಕದಲ್ಲಿ ಹೆಚ್ಚುಕಡಿಮೆ ಸೊನ್ನೆ ಇತ್ತು. ವಿಚಾರಿಸಿದಾಗ ಆ ದಿನಗಳಲ್ಲಿ ಮಾಪಕ ಕೆಲಸ ಮಾಡುತ್ತಿರಲಿಲ್ಲವೆಂದು ತಿಳಿಯಿತು. ಆ ಸಲ ತೋಟದಲ್ಲಿ ಮುಕ್ಕಾಲು ಪಾಲು ಗೊನೆಗಳು ಕೊಳೆತು ಉದುರಿದ್ದರೂ ನನಗೆ ಬಂದ ಪರಿಹಾರ ಕಟ್ಟಿದ ಕಂತಿಗಿಂತ ಕಡಿಮೆ. ಹಳ್ಳದ ಆಚೆಗೆ ಪಕ್ಕದ ಪಂಚಾಯತಿಯಲ್ಲಿರುವ ಬಂಧುಗಳಿಗೆ ಅದೇ ಮಳೆಗೆ ಒಳ್ಳೆಯ ಮೊತ್ತ ಸಿಕ್ಕಿತು. ಮತ್ತೊಂದು ವರ್ಷ ಮಾಪಕ ಸರಿಯಾಗಿದ್ದಾಗ ನನಗೂ ಕಂತಿನ ಆರು ಪಟ್ಟು ಹಣ ಬಂದಿದೆ, ಅದನ್ನು ಮರೆಮಾಚಬಾರದು. ಹಣ ಬರುವುದು ಮಾತ್ರ ನಷ್ಟವಾಗಿ ಬಹಳ ತಿಂಗಳುಗಳ ನಂತರ.

ಎರಡನೆಯದು ಕಾಗದಪತ್ರ. ಫ್ರೂಟ್ಸ್ ಐಡಿ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ), ಪಹಣಿ, ಬೆಳೆ ಸಮೀಕ್ಷೆ, ಬ್ಯಾಂಕ್ ಖಾತೆ ಇವೆಲ್ಲ ಒಂದಕ್ಕೊಂದು ಹೊಂದಬೇಕು. ಸಮೀಕ್ಷೆಯಲ್ಲಿ ಅಡಿಕೆಯ ಬದಲು ಬೇರೆ ಬೆಳೆ ದಾಖಲಾಗಿದ್ದರೆ ಕಟ್ಟಿದ ಕಂತು ವ್ಯರ್ಥ. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಎಷ್ಟೋ ಮನೆಗಳ ಅಡಿಕೆ ಮರಗಳು ಕುಮ್ಕಿ ಜಾಗದಲ್ಲಿ, ಅಂದರೆ ಸ್ವಂತ ಜಮೀನಿಗೆ ತಾಗಿದ ಸರ್ಕಾರಿ ಜಾಗದಲ್ಲಿವೆ. ಆ ಜಾಗ ಕೃಷಿಕರ ಹೆಸರಿನ ಪಹಣಿಯಲ್ಲಿ ಇಲ್ಲವಾದ್ದರಿಂದ ಅಲ್ಲಿನ ಮರಗಳಿಗೆ ವಿಮೆಯೂ ಇಲ್ಲ. ಹಿರಿಯರ ಹೆಸರಿನಲ್ಲೇ ಉಳಿದ ಜಂಟಿ ಪಹಣಿಯವರು ಪಡುವ ಪಾಡು ಬೇರೆ. ಹತ್ತು ಸೆಂಟ್ಸ್, ಇಪ್ಪತ್ತು ಸೆಂಟ್ಸ್ ಜಾಗದಲ್ಲಿ ಬದುಕುವವರಲ್ಲಿ ಇಂತಹ ತೊಡಕು ಹೆಚ್ಚು. ಅಂದರೆ ಮಳೆಯ ಹೊಡೆತ ತಡೆಯಲು ಯಾರ ಕೈಯಲ್ಲಿ ಏನೂ ಇಲ್ಲವೋ ಅವರಿಗೇ ಈ ಸೇವೆಯ ಬಾಗಿಲು ಕಿರಿದಾಗಿದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಮೂರನೆಯ ಕೊರತೆ. ನಮ್ಮ ತೋಟದಲ್ಲಿ ಮದ್ದು ಬಿಡಲು, ಕೊಯ್ಲಿಗೆ ಮರ ಹತ್ತುವವರು ಇಬ್ಬರು ಅಣ್ಣತಮ್ಮಂದಿರು. ಮಳೆ ಬಿಡದಿದ್ದರೆ ಮರ ಜಾರುತ್ತದೆ, ಹತ್ತುವಂತಿಲ್ಲ. ಹತ್ತದ ದಿನ ಕೂಲಿಯೂ ಇಲ್ಲ. ಕೊಳೆರೋಗ ಬಂದ ವರ್ಷ ಮಳೆಗಾಲದ ಕೂಲಿ ಹೋದದ್ದಲ್ಲದೆ, ಕೊಯ್ಯಲು ಗೊನೆಯಿಲ್ಲದೆ ಮುಂದಿನ ತಿಂಗಳುಗಳ ಕೂಲಿಯೂ ಹೋಗುತ್ತದೆ. ನನಗೆ ಪರಿಹಾರ ಬಂದ ವರ್ಷ ಅವರಲ್ಲಿ ಹಿರಿಯವರು, “ದಣಿ, ಆ ಮಳೆಗೆ ನಮಗೂ ಏನಾದರೂ ಉಂಟೋ?” ಎಂದು ಕೇಳಿದರು. ಅವರು ಆಸೆಯಿಂದ ಕೇಳಿದ ಮಾತಲ್ಲ ಅದು, ತಿಳಿದುಕೊಳ್ಳಲು ಕೇಳಿದ್ದು. ನನ್ನ ಬಳಿ ಉತ್ತರವಿರಲಿಲ್ಲ. ಒಂದೇ ಮಳೆ, ಒಂದೇ ತೋಟ, ಇಬ್ಬರಿಗೂ ನಷ್ಟ. ಪಹಣಿ ಇದ್ದವನಿಗೆ ಮಾತ್ರ ವಿಮೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಗುಜರಾತಿನಲ್ಲಿ ಹುಟ್ಟಿದ ‘ಸೇವಾ’ ಸಂಘಟನೆಯ ಸದಸ್ಯೆಯರಾದ ಅಸಂಘಟಿತ ವಲಯದ ಮಹಿಳೆಯರಿಗೆ ಬಿಸಿಲಿನ ತಾಪಕ್ಕೆ ಪರಿಹಾರ ಕೊಡುವ ವಿಮೆಯೊಂದು ನಡೆಯುತ್ತಿದೆ. 2024ರ ಬೇಸಿಗೆಯಲ್ಲಿ ಉಷ್ಣಾಂಶ ನಿಗದಿತ ಮಿತಿಯನ್ನು ದಾಟಿದಾಗ ಸಾವಿರಾರು ಮಹಿಳೆಯರಿಗೆ ನೇರವಾಗಿ ಹಣ ಸಂದಾಯವಾಯಿತು. ಅಲ್ಲಿ ಯಾರೂ ಜಮೀನಿನ ದಾಖಲೆ ಕೇಳಲಿಲ್ಲ, ಏಕೆಂದರೆ ಅಳೆದದ್ದು ತಾಪವನ್ನು, ತುಂಬಿಕೊಟ್ಟದ್ದು ಕೆಲಸದ ದಿನವನ್ನು. ನಮ್ಮ ಪಂಚಾಯತಿಗಳಲ್ಲಿ ಮಳೆಮಾಪಕಗಳು ಈಗಾಗಲೇ ಇವೆ, ಅಂಕಿಗಳು ದಿನದಿನವೂ ಹೋಗುತ್ತಿವೆ. ಅದೇ ಅಂಕಿಯ ಆಧಾರದ ಮೇಲೆ, ಸತತವಾಗಿ ಇಷ್ಟು ದಿನ ಇಷ್ಟು ಮಿಲಿಮೀಟರ್ ಮಳೆಯಾದರೆ ಮರ ಹತ್ತುವವರಿಗೆ, ತೋಟದ ಹೆಣ್ಣಾಳುಗಳಿಗೆ, ನಾಡದೋಣಿಯ ಮೀನುಗಾರರಿಗೆ ದಿನದ ಕೂಲಿಯ ಒಂದು ಪಾಲು ಸಿಗುವಂತೆ ಮಾಡಲು ಹೊಸ ಉಪಕರಣವೇನೂ ಬೇಕಾಗಿಲ್ಲ. ಪಹಣಿಯ ಬದಲು ಕಾರ್ಮಿಕರ ನೋಂದಣಿಯನ್ನು ಆಧಾರವಾಗಿಟ್ಟರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ಪಹಣಿ ಇರುವ ಸಣ್ಣ ಬೆಳೆಗಾರರು ಈ ವಿಮೆ ಮಾಡಿಸಬೇಕೆಂದೇ ನನ್ನ ಸಲಹೆ. 2020ರ ಮುಂಗಾರಿನಿಂದ ಇದು ಸಾಲಗಾರ ರೈತರಿಗೂ ಐಚ್ಛಿಕವಾಗಿರುವುದರಿಂದ, ಸೊಸೈಟಿಯಲ್ಲಿ ಸಾಲವಿದೆ, ಕಂತು ತಾನಾಗಿ ಹೋಗಿರುತ್ತದೆ ಎಂದು ನಂಬಿ ಸುಮ್ಮನಿರಬಾರದು. ಕೊನೆಯ ದಿನದ ನೂಕುನುಗ್ಗಲಿಗೆ ಕಾಯದೆ, ಬೆಳೆ ಸಮೀಕ್ಷೆಯಲ್ಲಿ ಅಡಿಕೆಯೆಂದೇ ದಾಖಲಾಗಿದೆಯೇ ಎಂದು ನೋಡಿಕೊಂಡು, ರಸೀದಿಯಲ್ಲಿ ಸರ್ವೆ ನಂಬರು ಮತ್ತು ವಿಸ್ತೀರ್ಣ ಪರಿಶೀಲಿಸಿ ತೆಗೆದಿಟ್ಟುಕೊಳ್ಳಿ. ಸಾಧ್ಯವಿದ್ದವರು ಮನೆಯಂಗಳದಲ್ಲಿ ಮಳೆ ಅಳೆದು ಬರೆದಿಡಿ. ವಿಮಾ ಲೆಕ್ಕಕ್ಕೆ ಅದು ದಾಖಲೆಯಾಗದಿದ್ದರೂ, ಪಂಚಾಯತಿಯ ಮಾಪಕ ಸುಮ್ಮನಾದದ್ದು ಅದೇ ವಾರದಲ್ಲಿ ನಿಮಗೆ ಗೊತ್ತಾಗುತ್ತದೆ. ನಮ್ಮ ಪಂಚಾಯತಿಯ ಮಾಪಕದ ಮೇಲೆ ಗೇರುಮರದ ಕೊಂಬೆ ಚಾಚಿಕೊಂಡಿದೆ. ಅದನ್ನು ಮಳೆಗಾಲಕ್ಕೆ ಮೊದಲೇ ಕಡಿಸಬೇಕೆಂದು, ಜೊತೆಗೆ ಮರ ಹತ್ತುವವರ ಕೂಲಿಗೂ ಮಳೆಯ ವಿಮೆ ಬೇಕೆಂಬ ಬೇಡಿಕೆಯನ್ನು ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಬೇಕೆಂದು ಅರ್ಜಿ ಬರೆದಿದ್ದೇನೆ. ಆ ಅಣ್ಣತಮ್ಮಂದಿರೂ ಅದಕ್ಕೆ ಸಹಿ ಹಾಕಿದ್ದಾರೆ.