ಕಾಶಾನ್ ಕಾರ್ಪೆಟ್ಟೋ, ಕಷ್ಕಾಯಿ ಕಾರ್ಪೆಟ್ಟೋ?

ಪರ್ಷಿಯನ್ ಕಾರ್ಪೆಟ್ ಕೊಳ್ಳುವ ಆಸೆ ಇದ್ದರೆ ಮೊದಲು ಈ ಎರಡನ್ನು ನೋಡಿ. ಒಂದು ಇರಾನಿನ ಕಾಶಾನ್ ಊರಿನದು. ಇನ್ನೊಂದು ಅದೇ ದೇಶದ ಫಾರ್ಸ್ ಪ್ರಾಂತ್ಯದ ಕಷ್ಕಾಯಿ ಅಲೆಮಾರಿ ಕುರಿಗಾಹಿಗಳದು. ಎರಡೂ ಕಡೆಯ ನೇಯ್ಗೆ 2010ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಜಮಖಾನದ ಹಾಗೆ ಬರೀ ಹಾಸು ಹೊಕ್ಕು ಅಲ್ಲ, ಇಲ್ಲಿ ಒಂದೊಂದು ಗಂಟನ್ನೂ ಕೈಯಿಂದಲೇ ಹಾಕುತ್ತಾರೆ.

ಕಾಶಾನಿನಲ್ಲಿ ಚಿತ್ರ ಮೊದಲು ಕಾಗದದ ಮೇಲೆ ಮೂಡುತ್ತದೆ. ಹೂ, ಬಳ್ಳಿ, ನಡುವೆ ಪದಕದಂಥ ದೊಡ್ಡ ಚಿತ್ತಾರ. ಗಂಟು ತುಂಬಾ ಸಣ್ಣದು, ಗೆರೆ ನಯ. ಲಂಡನ್ನಿನ ಮ್ಯೂಸಿಯಂನಲ್ಲಿರುವ ಅರ್ದಬಿಲ್ ಕಾರ್ಪೆಟ್ಟಿನಲ್ಲಿ ಮಕ್ಸೂದ್ ಕಾಶಾನಿ, ಅಂದರೆ ಕಾಶಾನಿನ ಮಕ್ಸೂದ್, ಎಂಬ ಹೆಸರು ನೇಯ್ದಿದೆ. ಅದು ಸುಮಾರು 1540ರದು, 10 ಮೀಟರಿಗಿಂತ ಉದ್ದ.

ಕಷ್ಕಾಯಿ ಹೆಂಗಸರ ಮುಂದೆ ಕಾಗದವೇ ಇರುವುದಿಲ್ಲ. ಮಗ್ಗವನ್ನು ನೆಲಕ್ಕೆ ಹಾಸಿ, ನೆನಪಿನಿಂದಲೇ ನೇಯುತ್ತಾರೆ. ಹಾಗಾಗಿ ಒಂದರಂತೆ ಇನ್ನೊಂದು ಇರುವುದಿಲ್ಲ. ಉಣ್ಣೆ ಅವರದೇ ಕುರಿಗಳದು. ಬಣ್ಣ ಮಂಜಿಷ್ಠದ ಬೇರು, ನೀಲಿ ಗಿಡ, ದಾಳಿಂಬೆ ಸಿಪ್ಪೆಯದು. ಒಂದೇ ಕೆಂಪು ಅರ್ಧ ದಾರಿಯಲ್ಲಿ ಸ್ವಲ್ಪ ತಿಳಿಯಾಗಬಹುದು. ಅದನ್ನು ದೋಷ ಅಂತ ಸುಮ್ನೆ ಬಿಡಬೇಡಿ, ನನಗಂತೂ ಅದೇ ಇಷ್ಟ.

ಅಚ್ಚುಕಟ್ಟಾದ ಹಾಲ್‌ಗೆ ಕಾಶಾನ್ ಚೆಂದ. ಮಕ್ಕಳು ಓಡಾಡುವ ಮನೆಗೆ ನಾನು ಕಷ್ಕಾಯಿಯನ್ನೇ ಆರಿಸುತ್ತೇನೆ, ದಪ್ಪ ಉಣ್ಣೆ ಕಾಲಿಗೆ ಹಿತ. ಯಾವುದೇ ಆಗಲಿ, ಮಗುಚಿ ನೋಡಿ. ಕೈಗಂಟಾಗಿದ್ದರೆ ಹಿಂಬದಿಯಲ್ಲೂ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ.