ಒಂದೇ ಎರೆಹೊಲದಲ್ಲಿ ಮೂರು ಗೋಧಿ: ತೆನೆಯ ಕಟ್ಟು ನೋಡಿ ಮಾಡಿದ ಹೋಲಿಕೆ

ಧಾರವಾಡ, ವಿಜಯಪುರ ಭಾಗದ ಎರೆಭೂಮಿಯಲ್ಲಿ ಖಪ್ಲಿ ಎಂದೂ ಕರೆಯುವ ಜವೆ ಗೋಧಿ, ಬನ್ಸಿ ರವೆ ಕೊಡುವ ಡ್ಯೂರಮ್ ಮತ್ತು ಚಪಾತಿ ಗೋಧಿ ಮೂರೂ ಇಂದಿಗೂ ಬೆಳೆಯುತ್ತವೆ. ಯಾವುದನ್ನು ಬಿತ್ತಬೇಕೆಂದು ಕೇಳುವವರು ಎಕರೆಗೆ ಎಷ್ಟು ಬರುತ್ತದೆ ಎಂದಷ್ಟೇ ವಿಚಾರಿಸುತ್ತಾರೆ. ಮೂರನ್ನೂ ಒಂದೇ ಹಿಂಗಾರಿಯಲ್ಲಿ ಅಕ್ಕಪಕ್ಕದ ಪಟ್ಟಿಗಳಲ್ಲಿ ಬೆಳೆದು ನೋಡಿದ ಮೇಲೆ, ಮೊದಲು ನೋಡಬೇಕಾದದ್ದು ತೆನೆಯನ್ನು ಎಂಬುದು ನನ್ನ ಅಭಿಪ್ರಾಯ. ರಾಶಿಯ, ಅಂದರೆ ಒಕ್ಕಣೆಯ, ಖರ್ಚು ತೀರ್ಮಾನವಾಗುವುದು ಅಲ್ಲಿಯೇ.

ಜವೆಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಗಿಡ್ಡ ತಳಿ ಡಿಡಿಕೆ 1029 ಅನ್ನು ಆರಿಸಿಕೊಂಡಿದ್ದೆ. ಅದರ ತೆನೆ ಎರಡು ಬದಿಯಿಂದ ಒತ್ತಿದಂತೆ ಚಪ್ಪಟೆಯಾಗಿದ್ದು, ಒತ್ತೊತ್ತಾಗಿ ಕುಳಿತ ಕಿರುತೆನೆಗಳಲ್ಲಿ ಸಾಮಾನ್ಯವಾಗಿ ಎರಡೆರಡೇ ಕಾಳುಗಳಿರುತ್ತವೆ. ಒಣಗಿದ ತೆನೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕಾಳು ಉದುರುವುದಿಲ್ಲ, ನಡುದಂಟಿನ ಒಂದು ಚೂರನ್ನು ಅಂಟಿಸಿಕೊಂಡ ಇಡೀ ಕಿರುತೆನೆಯೇ ಕಳಚಿ ಬರುತ್ತದೆ. ಪಕ್ಕದ ಪಟ್ಟಿಯ ‘ಬಿಜಗಾ ಹಳದಿ’ ಎಂಬ ತಳಿ ಡ್ಯೂರಮ್ ಜಾತಿಗೆ ಸೇರಿದ್ದು, ಅದಕ್ಕೂ ಜವೆಯಷ್ಟೇ, ಅಂದರೆ 28 ವರ್ಣತಂತುಗಳಿವೆ. ಆದರೆ ಅದರ ತೆನೆಯನ್ನು ತಿಕ್ಕಿ ಊದಿದರೆ ಬೆತ್ತಲೆ ಕಾಳು ಅಂಗೈಯಲ್ಲಿ ಉಳಿಯುತ್ತದೆ, ಉದ್ದನೆಯ ಒರಟು ಮೀಸೆ ಚುಚ್ಚಿದ ನೋವೂ ಉಳಿಯುತ್ತದೆ.

ಇಷ್ಟು ಹತ್ತಿರದ ಬಂಧುಗಳ ನಡುವಿನ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ 5ಎ ವರ್ಣತಂತುವಿನಲ್ಲಿರುವ ಕ್ಯೂ ಎಂಬ ವಂಶವಾಹಿ. ಜವೆಯಲ್ಲಿ ಅದರ ಹಳೆಯ ರೂಪವೇ ಇದೆ. ಡ್ಯೂರಮ್ ಮತ್ತು ಚಪಾತಿ ಗೋಧಿಗಳಲ್ಲಿ ಬದಲಾದ ರೂಪವು ಹೆಚ್ಚು ಚುರುಕಾಗಿ ಕೆಲಸ ಮಾಡಿ, ತೆನೆಯನ್ನು ಗಿಡ್ಡವಾಗಿ ದಟ್ಟಗೊಳಿಸುತ್ತದೆ, ನಡುದಂಟನ್ನು ಗಟ್ಟಿ ಮಾಡುತ್ತದೆ, ಸಿಪ್ಪೆಯ ಹಿಡಿತವನ್ನು ಸಡಿಲಿಸುತ್ತದೆ. ಕ್ಯೂ ಒಂದೇ ಸಾಲದು, ಸಿಪ್ಪೆಯನ್ನು ಬಿಗಿಗೊಳಿಸುವ ಟಿಜಿ ಎಂಬ ಇನ್ನೊಂದು ವಂಶವಾಹಿಯೂ ಸುಮ್ಮನಾಗಬೇಕು. ಡ್ಯೂರಮ್ ಅನ್ನು ಕಾಡುಹುಲ್ಲು ಈಜಿಲೊಪ್ಸ್ ಟೌಶಿಯೊಡನೆ ಸಂಕರಿಸಿ ಪ್ರಯೋಗಾಲಯದಲ್ಲಿ ಮರುಸೃಷ್ಟಿಸಿದ ಚಪಾತಿ ಗೋಧಿಗಳು ಮತ್ತೆ ಸಿಪ್ಪೆ ಬಿಡದ ಕಾಳನ್ನೇ ಕೊಡುವುದು ಆ ಹುಲ್ಲಿನಿಂದ ಬಂದ ಟಿಜಿ ಸುಮ್ಮನಾಗದಿರುವುದರಿಂದ. ಇನ್ನು 1906ರಲ್ಲಿ ಕೃಷಿವಿಜ್ಞಾನಿ ಆರನ್ ಆರನ್‌ಸನ್ ಅಂದಿನ ಪ್ಯಾಲೆಸ್ಟೈನಿನ ರೋಶ್ ಪಿನಾ ಬಳಿ ಗುರುತಿಸಿದ ಜವೆಯ ಕಾಡುಪೂರ್ವಜದಲ್ಲಿ ತೆನೆ ಮಾಗಿದೊಡನೆ ತಾನಾಗಿಯೇ ಮುರಿದು ಚದುರುತ್ತದೆ. ನಮ್ಮ ಜವೆ ಒಕ್ಕುವ ತನಕ ತಡೆದುಕೊಳ್ಳುವುದೇ ಅದಕ್ಕೆ ಹೋಲಿಸಿದರೆ ದೊಡ್ಡ ಲಾಭ.

ಚಪಾತಿ ಗೋಧಿಯ ಡಿಡಬ್ಲ್ಯೂಆರ್ 162 ತಳಿಯದು ತುಸು ಚೌಕನೆಯ ತೆನೆ. 42 ವರ್ಣತಂತುಗಳ ಈ ಜಾತಿಯ ಒಂದು ಕಿರುತೆನೆಯಲ್ಲಿ ಮೂರು, ನಾಲ್ಕು ಕಾಳು ಕಟ್ಟುವುದುಂಟು, ರಾಶಿಯೂ ಸಲೀಸು. ಆದರೆ ನೀರು ತಪ್ಪಿದಾಗ ಮೇಲ್ತುದಿಯ ಕಿರುತೆನೆಗಳು ಜೊಳ್ಳಾಗಿ, ನಡುವಿನ ಕಾಳೂ ಮುರುಟಿದವು. ನೀರಾವರಿ ಇಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ.

ಉಳಿದ ಎರಡರಲ್ಲಿ ಆಯ್ಕೆ ಕಷ್ಟ. ಬಿಜಗಾ ಒಣಬೇಸಾಯಕ್ಕೆ ಒಗ್ಗಿದ್ದು, ಯಂತ್ರದಿಂದ ನೇರವಾಗಿ ಚೀಲಕ್ಕೆ ಬರುತ್ತದೆ. ಆದರೆ ಅದರ ಎಲೆಗಳಿಗೆ ಭಂಡಾರ (ತುಕ್ಕು) ರೋಗ ತಗುಲಿದಾಗಲೂ ಜವೆಯ ಪಟ್ಟಿ ಹಸಿರಾಗಿಯೇ ಇತ್ತು. ಜವೆಯನ್ನು ಒಕ್ಕಿದ ಮೇಲೆ ಮತ್ತೊಮ್ಮೆ ಕುಟ್ಟಿಸಬೇಕು, ತೂಕದಲ್ಲಿ ಕಾಲುಭಾಗದಷ್ಟು ಹೊಟ್ಟಿಗೇ ಹೋಗುತ್ತದೆ. ಹುಗ್ಗಿಗೂ ಶಾವಿಗೆಗೂ ಮಾತ್ರ ಅದಕ್ಕೆ ಸಾಟಿಯಿಲ್ಲ. ಆದ್ದರಿಂದ ಮಾರಾಟಕ್ಕೆ ಬಿಜಗಾ, ಮನೆಗೂ ಗುರುತಿನ ಗಿರಾಕಿಗಳಿಗೂ ಜವೆ ಎಂದು ನಾನು ಹೊಲವನ್ನು ಹಂಚಿಕೊಂಡಿದ್ದೇನೆ. ಜವೆಯನ್ನು ಸಿಪ್ಪೆಸಮೇತ ಬಿತ್ತುವುದರಿಂದ ಬೀಜದ ತೂಕವನ್ನು ಹೆಚ್ಚು ಹಿಡಿಯಬೇಕು, ಮೀಸೆಯ ತುಂಡುಗಳನ್ನು ಉಜ್ಜಿ ತೆಗೆಯದಿದ್ದರೆ ಕಿರುತೆನೆಗಳು ಕೂರಿಗೆಯ ಕೊಳವೆಯಲ್ಲಿ ಸಿಕ್ಕಿಕೊಂಡು ಸಾಲು ಖಾಲಿ ಬೀಳುತ್ತದೆ.