ಹಳೇ ಪಿಕಪ್‌ನ ಚಾಸಿಗೆ ಹೊಸ ಕಪ್ಪು ಬಣ್ಣ ಕಂಡರೆ ಕೆಳಗೆ ಬಗ್ಗಿ ನೋಡಿ

ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹುಬ್ಬಳ್ಳಿ ಕಡೆ ಹೊರಟವರು ದಯವಿಟ್ಟು ಇದನ್ನು ಓದಿಕೊಂಡು ಹೋಗಿ.

ನಮ್ಮದು ಬ್ಯಾಡಗಿ ತಾಲ್ಲೂಕು. ಮೆಣಸಿನಕಾಯಿ ಚೀಲ ಮಾರ್ಕೆಟ್‌ಗೆ ಹೋಗಬೇಕು, ತಿಂಗಳಿಗೊಮ್ಮೆ ಅವ್ವನನ್ನು ಹುಬ್ಬಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕೈಯಲ್ಲಿ ನಾಲ್ಕು ಲಕ್ಷ ಇತ್ತು. ಎರಡು ಗಾಡಿ ನೋಡಿದೆ. ಒಂದು, ಧಾರವಾಡದ ನಿವೃತ್ತ ಮಾಸ್ತರರೊಬ್ಬರ 2012ರ ಡಿಜೈರ್. ಮೊದಲಿನಿಂದ ಅವರ ಕೈಯಲ್ಲೇ ಇದ್ದ ಕಾರು. ಇನ್ನೊಂದು, ಹುಬ್ಬಳ್ಳಿಯ ದಲ್ಲಾಳಿಯೊಬ್ಬರ ಹತ್ತಿರ ಇದ್ದ 2016ರ ಪಿಕಪ್.

ಕಾರಿಗೆ 15 ವರ್ಷ ತುಂಬಲು ಎರಡೇ ವರ್ಷ ಬಾಕಿ ಅಂತ ಹೆದರಿದೆ. 15 ಆದಮೇಲೂ ಗಾಡಿ ಚೆನ್ನಾಗಿದ್ದರೆ ಆರ್‌ಟಿಒದಲ್ಲಿ ತೋರಿಸಿ ನೋಂದಣಿಯನ್ನು 5 ವರ್ಷಕ್ಕೆ ನವೀಕರಿಸಬಹುದು ಅನ್ನೋದು ಆಗ ಗೊತ್ತಿರಲಿಲ್ಲ. ಪಿಕಪ್ ಕಾರಿಗಿಂತ ನಾಲ್ಕು ವರ್ಷ ಹೊಸದು, ಚೀಲವೂ ಹೋಗುತ್ತದೆ, ಅವ್ವನೂ ಮುಂದೆ ಕೂರುತ್ತಾಳೆ ಅಂದುಕೊಂಡೆ. “ಇಂಜಿನ್ ಕೇಳ್ರೀ ಅಣ್ಣಾರ, ಹೊಸಾ ಗಾಡಿ ಇದ್ದಂಗ ಐತಿ. ಎಫ್‌ಸಿ ನಾ ಮಾಡಿಸಿ ಕೊಡ್ತೀನಿ” ಅಂದರು ದಲ್ಲಾಳಿ. ಎಫ್‌ಸಿ ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್. ನಾನು ಇಂಜಿನ್ ಮಾತ್ರ ಕೇಳಿ ಪಿಕಪ್ ತಗೊಂಡೆ.

ಮೂರನೇ ವಾರ ಮೋಟೆಬೆನ್ನೂರು ಹತ್ತಿರ ಹೆದ್ದಾರಿಯಲ್ಲಿ ಹಿಂದಿನಿಂದ ಟಪ್ ಅಂತ ಶಬ್ದ ಬಂತು. ಗಾಡಿ ಒಂದು ಕಡೆ ವಾಲಿತು. ಮಿಸ್ತ್ರಿ ಕೆಳಗೆ ಹೋಗಿ ನೋಡಿದರೆ, ಪಾಟಾ (ಲೋಡ್ ಹೊರುವ ಪದರ ಪದರದ ಸ್ಪ್ರಿಂಗ್) ಕೂರುವ ಜಾಗದಲ್ಲಿ ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಸೀಳಿತ್ತು. ಹಳೇ ಬಿರುಕಿಗೆ ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಿ, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಬಾಡಿಯ ಸಂದಿಯಲ್ಲಿ ಇನ್ನೂ ಮರಳು ಇತ್ತು. ಹಿಂದಿನ ದಿನ ಅದೇ ಗಾಡಿಯಲ್ಲಿ ಅವ್ವ ಕೂತಿದ್ದಳು. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಮಾಸ್ತರರ ಕಾರು ಅಷ್ಟು ವರ್ಷ ಮನೆ ಮಂದಿಯನ್ನಷ್ಟೇ ಹೊತ್ತಿತ್ತು. ಈ ಪಿಕಪ್ ಎಷ್ಟು ಲೋಡ್ ಮರಳು ಹೊತ್ತಿತ್ತೋ, ಅದು ಆರ್‌ಸಿಯಲ್ಲೂ ಇಲ್ಲ, ಮೀಟರಿನಲ್ಲೂ ಇಲ್ಲ. ಕಾರಿನ ಹಾಗೆ ಇಸವಿ ನೋಡಿ ಪಿಕಪ್ ತಗೊಳ್ಳಬೇಡಿ.

ಕಾಗದದ್ದೂ ಅದೇ ಕಥೆ. ಹಳದಿ ಬೋರ್ಡ್ ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ನನ್ನದರದ್ದು ಮುಗಿದು ಐದು ತಿಂಗಳಾಗಿತ್ತು. ಎಫ್‌ಸಿ ಇಲ್ಲದಿದ್ದರೆ ಕಾನೂನಿನ ಲೆಕ್ಕದಲ್ಲಿ ನೋಂದಣಿಯೂ ಇಲ್ಲದ ಹಾಗೇ. ಅಪಘಾತ ಆಗಿದ್ದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಿದ್ದರು. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಇದೆಯಾ ಅಂತಲೂ ನೋಡಿ. ಇದ್ದರೆ ಸಾಲ ತೀರಿದೆ ಅನ್ನೋ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಬ್ಯಾಂಕ್ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ನಿಮಗೆ ಗುರುತಿರುವ ಮಿಸ್ತ್ರಿಯನ್ನೇ ಕರೆದುಕೊಂಡು ಹೋಗಿ, ಗಾಡಿಯನ್ನು ರ್‍ಯಾಂಪ್ ಮೇಲೆ ಏರಿಸಿ. ಟಾರ್ಚ್ ಹಿಡಿದು ಚಾಸಿಯನ್ನು ಈ ತುದಿಯಿಂದ ಆ ತುದಿವರೆಗೆ ನೋಡಿ. ಎರಡೂ ಕಡೆ ಪಾಟಾ ಎಣಿಸಿ. ಏರಿಸೋಕೆ ಬಿಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ನನ್ನ ಲೋಡ್ ಇರೋದು ಹಂಗಾಮಿನ ಎರಡು ಮೂರು ತಿಂಗಳು. ಅಷ್ಟಕ್ಕೆ ಬಾಡಿಗೆ ಗಾಡಿ ಸಾಕಿತ್ತು, ಅವ್ವನಿಗೆ ಕಾರು ಆಗುತ್ತಿತ್ತು. ಮಾಸ್ತರರಿಗೆ ಮತ್ತೆ ಫೋನ್ ಮಾಡಿದೆ. ಕಾರು ಹೋದ ತಿಂಗಳೇ ಮಾರಿದರಂತೆ.